ಹಳ್ಳದ ದಂಡೆಯಲ್ಲಿ ದ್ರಾಕ್ಷಿಯ ರಾಜ

ನಮ್ಮ ಮೇಯರ್ ಬೋಗೊಮಿಲ್‌ಗೆ ಬುದ್ಧಿ ಇಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಪಟ್ಟಣದ ಹೊಸ ನಕ್ಷೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಕಾನೂನಿನ ಪ್ರಕಾರ ಸಭೆ ಕರೆಯಲೇಬೇಕಿತ್ತು. ಕರೆದ. ದ್ರಾಕ್ಷಿ ಬೆಳೆಗಾರರನ್ನು ಕಾಯುವ ಸಂತ ಟ್ರಿಫೊನನ ಹಬ್ಬದ ದಿನ, ಮಧ್ಯಾಹ್ನ ಎರಡಕ್ಕೆ ಕರೆದ. ಆ ಹೊತ್ತಿಗೆ ಊರಿಗೆ ಊರೇ ಗುಡ್ಡದ ಮೇಲಿನ ದ್ರಾಕ್ಷಿ ತೋಟದಲ್ಲಿರುತ್ತದೆ. ಬಳ್ಳಿ ಸವರಿ, ಬುಡಕ್ಕೆ ಒಂದಿಷ್ಟು ವೈನ್ ಸುರಿದು, ಉಳಿದದ್ದನ್ನೆಲ್ಲ ತನ್ನ ಗಂಟಲಿಗೆ ಸುರಿದುಕೊಳ್ಳುತ್ತಿರುತ್ತದೆ. ಪುರಸಭೆಯ ಹಜಾರದಲ್ಲಿರುವುದು ಖಾಲಿ ಕುರ್ಚಿಗಳು ಮತ್ತು ಅವನ ಉಪಮೇಯರ್ ಮಾತ್ರ. ಯಾರೂ ಆಕ್ಷೇಪ ಎತ್ತಲಿಲ್ಲ ಎಂದು ಬರೆದುಕೊಂಡು ಎದ್ದರೆ ಮುಗಿಯಿತು.

ನಕ್ಷೆಯಲ್ಲಿದ್ದದ್ದು ಇಷ್ಟೇ. ತೋಟಗಳ ಕೆಳಗೆ, ಊರಂಚಿನಲ್ಲಿ ಹರಿಯುವ ಹಳ್ಳದ ಉಳಿದರ್ಧವನ್ನೂ ಮುಚ್ಚಿ, ಅಲ್ಲಿ ಇನ್ನಷ್ಟು ಗೋದಾಮು ಕಟ್ಟುವುದು.

ಮೊದಲರ್ಧ ಮುಚ್ಚಿಸಿದ್ದೂ ಅವನೇ. ಪ್ಲೋವ್ದಿವ್ ನಗರದ ಕಡೆಯಿಂದ ಬಂದ ಗೋದಾಮಿನವರಿಗೆ ಜಾಗ ಬೇಕಿತ್ತು. ನೀರಿಗೆ ಒಂದು ಕೊಳವೆ ಹಾಕಿದರೆ ಧಾರಾಳ ಆಯಿತು ಎಂದ. ಪುರಸಭೆಯ ಎಂಜಿನಿಯರ್ ಸಾಲದು ಎಂದಾಗ, ಅವನನ್ನು ಬಸ್ ನಿಲ್ದಾಣದ ಶೌಚಾಲಯ ನೋಡಿಕೊಳ್ಳಲು ಹಾಕಿದ. ಆ ಶರತ್ಕಾಲದಲ್ಲಿ ಮಳೆ ಜಡಿಯಿತು. ನೀರು ಕೊಳವೆಯ ಬಾಯಿಗೆ ಬಂದು, ಒಳಗೆ ಹೋಗಲಾರದೆ, ತಿರುಗಿ ಕೆಳಗಿನ ಓಣಿಗೆ ನುಗ್ಗಿತು. ಪಕ್ಕದ ಮನೆಯ ಮೇಕೆಗಳನ್ನು ಬಿಚ್ಚಲು ಹೋದ ನನ್ನ ಗಂಡ ಸ್ಪಾಸ್ ಮರುದಿನ ಗೋದಾಮಿನ ತಂತಿಬೇಲಿಯ ಬುಡದಲ್ಲಿ ಸಿಕ್ಕಿದ. ಮೈತುಂಬ ಹಳ್ಳದ ಹಳದಿ ಮಣ್ಣು. ಅವನ ಬೂಟುಗಳನ್ನು ನಾನು ಎಷ್ಟು ತಿಕ್ಕಿದರೂ ಆ ಹಳದಿ ಹೋಗಲಿಲ್ಲ. ಅವು ಈಗಲೂ ನಮ್ಮ ಮೆಟ್ಟಿಲ ಕೆಳಗೇ ಇವೆ.

ಮಣ್ಣು ಮಾಡುವ ದಿನ ಬೋಗೊಮಿಲ್ ದೊಡ್ಡ ಹೂಚಕ್ರ ತಂದಿದ್ದ. "ಪ್ರಕೃತಿ ಮುಂದೆ ನಮ್ದೇನು ನಡೆಯುತ್ತೆ ದೊನ್ಕಾ," ಎಂದ. ಅವನ ಕೆನ್ನೆಗೆ ಬಾರಿಸಬೇಕಿತ್ತು. ಕೈಯಲ್ಲಿ ಮೇಣದಬತ್ತಿ ಇತ್ತು, ಬಾರಿಸಲಿಲ್ಲ. ಆವತ್ತಿನಿಂದ ನಾನು ಕಾದೆ. ವರ್ಷಕ್ಕೊಮ್ಮೆ ಸತ್ತವರ ಫೋಟೊ ಅಚ್ಚು ಹಾಕಿಸಿ ಗೋಡೆಗೆ, ಕಂಬಕ್ಕೆ ಅಂಟಿಸುವುದು ನಮ್ಮಲ್ಲಿ ರೂಢಿ. ಪ್ರತಿ ವರ್ಷ ಸ್ಪಾಸನದೊಂದನ್ನು ಪುರಸಭೆಯ ಬಾಗಿಲಿಗೂ ಅಂಟಿಸುತ್ತಿದ್ದೆ. ಅವನು ಪ್ರತಿ ವರ್ಷ ಕೀಳಿಸುತ್ತಿದ್ದ.

ಸಭೆಯ ಸೂಚನೆಯನ್ನು ಪುರಸಭೆಯ ಫಲಕದಲ್ಲಿ ನಾಯಿಗಳ ತೆರಿಗೆಯ ಸೂಚನೆಯ ಕೆಳಗೆ ಸಿಕ್ಕಿಸಿದ್ದರು. ಅದನ್ನು ಓದಿದವಳು ನೇರ ವಲ್ಕೊ ತಾತನ ಮನೆಗೆ ಹೋದೆ. ಅವನ ತೋಟದ ಅಂಚು ಹಳ್ಳಕ್ಕೆ ತಾಗಿಕೊಂಡೇ ಇದೆ. ನಕ್ಷೆಯಲ್ಲಿ ಅಲ್ಲಿ ಲಾರಿ ನಿಲ್ಲಿಸುವ ಜಾಗ.

"ಜನಕ್ಕೆ ಹೇಳ್ಬಿಡು, ಸಭೆಗೆ ಬರ್ತಾರೆ," ಎಂದ ತಾತ.

"ಈಗ್ಲೇ ಹೇಳಿದ್ರೆ ಅವ್ನು ದಿನ ಬದಲಾಯಿಸ್ತಾನೆ. ಆವತ್ತೇ ಹೇಳಿದ್ರೆ, ಟ್ರಿಫೊನ್ ಹಬ್ಬದ ದಿನ ಕುಡಿಯೋದು ಬಿಟ್ಟು ಸಭೆಗೆ ಯಾರು ಬರ್ತಾರೆ ತಾತ? ನೀವು ಬರ್ತೀರಾ?"

ತಾತ ಪ್ರಾಮಾಣಿಕ. ಸ್ವಲ್ಪ ಯೋಚಿಸಿ, "ಇಲ್ಲ," ಎಂದ.

"ದ್ರಾಕ್ಷಿ ರಾಜನ ಗಾಡಿ ಹೋದಲ್ಲಿಗೆ ಬರ್ತೀರಾ?"

"ಅದು ಬೇರೆ ವಿಷ್ಯ. ಗಾಡಿ ಹಿಂದೆ ವೈನ್ ಇರುತ್ತಲ್ಲ."

ಆಗ ನಾನು ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ತಾತ ಲೋಟಕ್ಕೆ ರಕಿಯಾ ಸಾರಾಯಿ ಬಗ್ಗಿಸಿದವನು ಕುಡಿಯುವುದನ್ನೇ ಮರೆತು ಕೇಳಿಸಿಕೊಂಡ. "ಅಬ್ಬಾ, ನಿನ್ ಜೊತೆ ಜಗಳ ಇಟ್ಕೋಬಾರ್ದು ಕಣಮ್ಮ," ಎಂದ.

ನಾನು ಬೇಕರಿಯವಳು. ಹಬ್ಬದ ದೊಡ್ಡ ರೊಟ್ಟಿ ಬೇಯಿಸುವುದು ನಮ್ಮ ಮನೆಗೆ ನನ್ನ ಅತ್ತೆಯ ಕಾಲದಿಂದ ಬಂದ ಹಕ್ಕು. ಹಿಟ್ಟಿನೊಳಗೆ ಬಳ್ಳಿಯ ಒಂದು ಗಿಣ್ಣು ಹುದುಗಿಸಿರುತ್ತೇವೆ. ರೊಟ್ಟಿ ಮುರಿದಾಗ ಅದು ಯಾರ ಪಾಲಿಗೆ ಬರುತ್ತದೋ ಅವನೇ ಆ ವರ್ಷದ ದ್ರಾಕ್ಷಿಯ ರಾಜ. ತಲೆಗೆ ಬಳ್ಳಿಯ ಕಿರೀಟ ಇಟ್ಟು, ಕೈಗಾಡಿಯಲ್ಲಿ ಕೂರಿಸಿ ಎಳೆಯುತ್ತಾರೆ. ತನ್ನ ಮನೆಯ ಹೊಸ್ತಿಲು ಬರುವ ತನಕ ರಾಜನ ಕಾಲು ನೆಲ ಮುಟ್ಟಬಾರದು. ಮುಟ್ಟಿದರೆ ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದು ಬೆಳೆ ಹಾಳು. ಹಿಂದೆ ಒಬ್ಬ ಒಂದಕ್ಕೆ ಅಂತ ಇಳಿದಿದ್ದ. ಆ ಜೂನ್‌ನಲ್ಲಿ ಕೋಳಿಮೊಟ್ಟೆ ಗಾತ್ರದ ಆಲಿಕಲ್ಲು ಬಿತ್ತು. ಅವನು ತೋಟ ಮಾರಿ ಊರನ್ನೇ ಬಿಟ್ಟ. ಈಗಲೂ ಅವನ ಹೆಸರು ಎತ್ತಿದರೆ ಮುದುಕಿಯರು ಉಗಿಯುತ್ತಾರೆ.

ಬೋಗೊಮಿಲ್ ಬಂದೇ ಬರುತ್ತಾನೆ ಎಂದು ನನಗೆ ಗೊತ್ತಿತ್ತು. ಈ ಹಬ್ಬಕ್ಕೆ ಮುಖ ತೋರಿಸದ ಮೇಯರ್ ಮುಂದಿನ ಚುನಾವಣೆಯಲ್ಲಿ ಗೆಲ್ಲುವುದಿಲ್ಲ. ಒಂದು ಲೋಟ ಕುಡಿದು, ಫೋಟೊ ತೆಗೆಸಿಕೊಂಡು, ಎರಡರೊಳಗೆ ಹಜಾರ ಸೇರುವುದು ಅವನ ಲೆಕ್ಕಾಚಾರ.

ಬಂದ. ಪಾಲಿಶ್ ಮಾಡಿದ ಕರಿ ಬೂಟು, ಕತ್ತಿನಲ್ಲಿ ಹೊಸ ಮಫ್ಲರ್. ಗಿಣ್ಣು ಇದ್ದ ಕಡೆ ಹೆಬ್ಬೆರಳು ಒತ್ತಿ ಗುರುತು ಮಾಡಿಟ್ಟಿದ್ದೆ. ತಟ್ಟೆಯನ್ನು ತಿರುಗಿಸಿ ಆ ಭಾಗವನ್ನು ಅವನ ಮೂಗಿನ ಕೆಳಗೆ ಹಿಡಿದೆ. ಮೋಸವೇ, ಒಪ್ಪುತ್ತೇನೆ. ಸಂತ ಟ್ರಿಫೊನನಿಗೆ ಬೇಜಾರಾಗಿದ್ದರೆ ಅವನ ಹತ್ತಿರ ಬೇರೆಯಾಗಿ ಮಾತಾಡಿಕೊಳ್ಳುತ್ತೇನೆ.

ಹಲ್ಲಿಗೆ ಗಿಣ್ಣು ಸಿಕ್ಕಿದ್ದೇ ಅವನ ದವಡೆ ನಿಂತಿತು. ನುಂಗಿಬಿಡಲೇ ಎಂದು ಅವನು ಯೋಚಿಸಿದ್ದು ನನಗೆ ಕಂಡಿತು. ಅಷ್ಟರಲ್ಲಿ ತಾತ ಅವನ ಬೆನ್ನಿಗೊಂದು ಗುದ್ದಿದ. ಗಿಣ್ಣು ಹೊರಗೆ ಬಂತು. ಡೋಲು ಮೊಳಗತೊಡಗಿತು.

"ಇಲ್ಲ ಇಲ್ಲ, ನಂಗೆ ಎರಡು ಗಂಟೆಗೆ ಕೆಲ್ಸ ಇದೆ," ಎಂದ ಬೋಗೊಮಿಲ್.

"ರಾಜರಿಗೆಂಥ ಕೆಲ್ಸ? ನಾಲ್ಕು ವರ್ಷದಿಂದ ಮಾಡದೆ ಇದ್ದದ್ದು ಇವತ್ತೇ ನೆನಪಾಯ್ತಾ?" ಎಂದು ಹಿಂದಿನಿಂದ ಯಾರೋ ಕಾಲೆಳೆದರು. ಎಲ್ಲರೂ ನಕ್ಕರು. ಅವನೂ ನಗಬೇಕಾಯಿತು. ಅನಾಮತ್ತಾಗಿ ಎತ್ತಿ ಗಾಡಿಯಲ್ಲಿ ಕೂರಿಸಿದರು. ಕಿರೀಟ ಇಟ್ಟವಳು ನಾನು. ಸ್ವಲ್ಪ ಒತ್ತಿಯೇ ಇಟ್ಟೆ.

ಗಾಡಿ ಎಳೆಯುವವರ ಮುಂದಾಳು ವಲ್ಕೊ ತಾತ. ಊರ ದಾರಿ ಹಿಡಿಯುವ ಬದಲು ಹಳ್ಳದ ಕಡೆಗೆ ತಿರುಗಿಸಿದ. ಕುಡಿದ ಜನ ಹಾಡುತ್ತ ಹಿಂದೆಯೇ ಬಂದರು. ಹಿಮ ಕರಗಿ ದಂಡೆಯೆಲ್ಲ ಕೆಸರಾಗಿತ್ತು. ಅರ್ಧ ಮುಚ್ಚಿದ ಹಳ್ಳ, ಅದರಾಚೆ ಗೋದಾಮಿನ ಬೇಲಿ, ಎರಡರ ನಡುವೆ ಆ ಕೊಳವೆಯ ಬಾಯಿ. ಹಳದಿ ಮಣ್ಣಿನ ನಟ್ಟನಡುವೆ ತಾತ ಗಾಡಿ ನಿಲ್ಲಿಸಿದ.

ವೈನಿನ ತಾಮ್ರದ ಕೊಡವನ್ನು ರಾಜನ ತಲೆಯ ಮೇಲೆ ಬಗ್ಗಿಸಿದರು. ಅವನು ಆಶೀರ್ವಾದ ಮಾಡಲೇಬೇಕು. ಮಾಡಿದ. "ಈ ವೈನ್ ಉಕ್ಕಿದ ಹಾಗೆ ಈ ವರ್ಷ ಎಲ್ಲ ಉಕ್ಕಲಿ."

"ಇಲ್ಲಿ ಒಂದ್ಸಲ ಉಕ್ಕಿತ್ತಲ್ಲ ರಾಜರೇ," ಎಂದೆ ನಾನು. "ಸಾಲ್ದು ಅಂತ ಇನ್ನರ್ಧಾನೂ ಮುಚ್ತೀರಂತೆ?"

ಡೋಲು ನಿಂತಿತು. ಸಭೆಯ ವಿಷಯವನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾವ ದಿನ, ಯಾವ ಹೊತ್ತು, ಯಾಕೆ ಆ ದಿನ ಆ ಹೊತ್ತು ಎಂದು. ಯಾರ ಯಾರ ತೋಟ ನಕ್ಷೆಯಲ್ಲಿ ಏನಾಗಿದೆ ಎಂದು ತಾತ ಹೇಳಿದ. ಜನರ ಅಮಲು ಇಳಿಯುವುದನ್ನು ಕಣ್ಣಾರೆ ನೋಡಿದೆ.

"ನಡೀರಿ ಹೋಗಾಣ," ಎಂದ ತಾತ, ಗಾಡಿಯ ಮೂಕಿ ಕೆಳಗೆ ಬಿಟ್ಟು.

"ಎಲ್ಲಿಗೋ? ಗಾಡಿ ಎಳೀರೋ," ಎಂದ ಬೋಗೊಮಿಲ್.

"ಸಭೆಗೆ ಸಾಹೇಬ್ರೆ. ನೀವೇ ಕರ್ದಿದೀರಲ್ಲ. ಗಾಡಿ ತಗೊಂಡ್ ಹೋದ್ರೆ ನಮ್ಗೆ ತಡ ಆಗುತ್ತೆ."

ಜನ ಹೊರಟರು. ಕೊನೆಗೆ ಉಳಿದವಳು ನಾನು. ಅವನು ತಗ್ಗಿದ ದನಿಯಲ್ಲಿ, "ದೊನ್ಕಾ, ಏನ್ ಬೇಕು ನಿಂಗೆ?" ಎಂದ. ಕಿರೀಟದಿಂದ ವೈನ್ ಅವನ ಕಿವಿಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಸ್ಪಾಸ್ ಹೆಸರು ಹೇಳು. ನೀರಿನ ದಾರಿ ಮುಚ್ಚಿದ್ದು ನಾನೇ, ಅವ್ನು ಸತ್ತಿದ್ದು ಅದ್ರಿಂದ್ಲೇ ಅಂತ ಜೋರಾಗಿ ಹೇಳು. ಇನ್ನೂ ಕೂಗಿದ್ರೆ ಕೇಳೋಷ್ಟು ದೂರದಲ್ಲೇ ಇದಾರೆ. ಹೇಳಿದ್ರೆ ವಾಪಸ್ ಕರೆದು ನಾನೇ ಗಾಡಿ ಎಳೆಸ್ತೀನಿ. ಮರ್ಯಾದೆಯಿಂದ ಮನೆ ಸೇರ್ತೀಯ."

ಹೇಳಿದ್ದರೆ ಖಂಡಿತ ಎಳೆಸುತ್ತಿದ್ದೆ. ನಕ್ಷೆ ಹಾಳಾಗಿ ಹೋಗಲಿ, ಆ ಒಂದು ಮಾತಿಗೆ ನಾನು ಹಸಿದಿದ್ದೆ. ಅವನು ಗೋದಾಮಿನ ಕಡೆ ನೋಡಿದ, ಗಡಿಯಾರ ನೋಡಿಕೊಂಡ. "ಅದು ಪ್ರಕೃತಿ ವಿಕೋಪ," ಎಂದ.

"ಸರಿ. ಹಾಗಾದ್ರೆ ಕೂತಿರು."

"ನಾನಿಲ್ಲಿ ಇಳಿದ್ರೆ..."

"ಇಳಿ. ಬೇಡ ಅಂದೋರ್ ಯಾರು?"

ನಾನು ತಿರುಗಿ ನೋಡದೆ ನಡೆದೆ. ಕೂತಿದ್ದರೆ ಸಭೆ ಅವನ ಕೈ ತಪ್ಪುತ್ತದೆ. ಇಳಿದರೆ ಊರೇ ಕೈ ತಪ್ಪುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನನಗೆ ಖುಷಿಯೇ.

ಹಜಾರದಲ್ಲಿ ಉಪಮೇಯರ್ ಖಾಲಿ ಕುರ್ಚಿಗಳಿಗೆ ನಕ್ಷೆ ಓದಿ ಹೇಳುತ್ತಿದ್ದ. ವೈನ್ ವಾಸನೆಯ ಇಷ್ಟೊಂದು ಜನ, ಕೈಯಲ್ಲಿ ಬಳ್ಳಿ ಸವರುವ ಕತ್ತರಿ ಹಿಡಿದು ಒಳಗೆ ನುಗ್ಗಿದ್ದನ್ನು ಕಂಡು ಅವನು ಎದ್ದು ನಿಂತುಬಿಟ್ಟ. ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ಕೂತರು. ತಾತ ಮಾತಾಡಿದ. ಕೆಳಗಿನ ಓಣಿಯವರು ಮಾತಾಡಿದರು. ಶೌಚಾಲಯ ನೋಡಿಕೊಳ್ಳುವ ಎಂಜಿನಿಯರ್ ಎದ್ದು ನಿಂತು, "ಅವತ್ತೂ ಹೇಳಿದ್ದೆ," ಎಂದಷ್ಟೇ ಹೇಳಿ ಕೂತ. ಎಲ್ಲವನ್ನೂ ಒಂದಕ್ಷರ ಬಿಡದೆ ಬರೆದುಕೊಳ್ಳುವಂತೆ ಉಪಮೇಯರನ ಪಕ್ಕದಲ್ಲೇ ನಿಂತು ನೋಡಿಕೊಂಡೆ. ಕೆಲವರು ಮಾತ್ರ ಅನುಮಾನದಲ್ಲಿದ್ದರು. ಮಕ್ಕಳಿಗೆ ಗೋದಾಮಿನಲ್ಲಿ ಕೆಲಸ ಸಿಗುತ್ತದೆ ಎಂದು ಮೇಯರ್ ಅವರಿಗೆ ಮಾತು ಕೊಟ್ಟಿದ್ದ.

ಹಳ್ಳ ಮುಚ್ಚುವುದು ಬೇಡ ಎನ್ನುವವರು ಕೈ ಎತ್ತಿ ಎಂದು ಉಪಮೇಯರ್ ಹೇಳಿದಾಗ ಬಾಗಿಲು ತೆರೆಯಿತು. ಬೋಗೊಮಿಲ್ ನಿಂತಿದ್ದ. ಕಿರೀಟ ಇರಲಿಲ್ಲ. ಕೂದಲು ಹಣೆಗೆ ಅಂಟಿತ್ತು. ಓಡಿ ಬಂದಿದ್ದನೇನೋ, ಏದುಸಿರು ಬಿಡುತ್ತಿದ್ದ.

ಯಾರೂ ಅವನ ಮುಖ ನೋಡಲಿಲ್ಲ. ಎಲ್ಲರೂ ನೋಡಿದ್ದು ಕಾಲನ್ನು. ಪಾಲಿಶ್ ಮಾಡಿದ ಕರಿ ಬೂಟು ಹರಡಿನ ತನಕ ಹಳದಿಯಾಗಿತ್ತು. ಮುಂದಿನ ಸಾಲಿನ ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಅನುಮಾನದಲ್ಲಿದ್ದವರ ಕೈಗಳು ಒಂದೊಂದಾಗಿ ಮೇಲಕ್ಕೆ ಹೋದವು.

ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ಸ್ಪಾಸ್ ಹೋದ ಮೇಲೆ ಅಷ್ಟು ತಣ್ಣಗಾದದ್ದು ಅದೇ ಮೊದಲು. ಅವನು ನೆಲದ ಮೇಲೆ ಹಳದಿ ಹೆಜ್ಜೆ ಮೂಡಿಸುತ್ತ ನನ್ನ ಮುಂದಿನಿಂದಲೇ ವೇದಿಕೆಗೆ ಹೋಗಬೇಕಿತ್ತು. ಹತ್ತಿರ ಬಂದಾಗ ನಾನು ಮೆಲ್ಲಗೆ ಹೇಳಿದೆ.

"ಮನೆಗೆ ಹೋದ ತಕ್ಷಣ ತೊಳ್ಕೋ ಬೋಗೊಮಿಲ್. ಆ ಮಣ್ಣು ಒಣಗಿದ್ರೆ ಹೋಗಲ್ಲ. ನಂಗೊತ್ತು."

ಅವನು ಬಗ್ಗಿ ತನ್ನ ಬೂಟು ನೋಡಿಕೊಂಡ. ಎತ್ತಿದ ಕೈಗಳನ್ನು ಯಾರೂ ಇನ್ನೂ ಇಳಿಸಿರಲಿಲ್ಲ.