ಹಿಂದಿನ ಸೀಟಿನ ಹೊಗೆ

"ನಿನ್ನ ತಲೆನೋವಿಗೆ ನನ್ನ ವಿಮಾನ ಕಾರಣ ಅಲ್ಲ ಕಣೆ! ಕಾಫಿ ಕುಡಿಯೋದು ಕಮ್ಮಿ ಮಾಡು!"

"ನಿನ್ನ ವಿಮಾನವೋ? ಬಾಲದೊಳಗೆ ತೂರಿ ಕಬ್ಬಿಣದ ಗಟ್ಟಿ ಹಿಡ್ಕೊಂಡು ಮಲಗಿದ್ದೋಳು ಯಾರು? ನಿಮ್ಮತ್ತೆಯಾ?"

ಅಣ್ಣ ವರ್ಲಿನ್ ಕೈಲಿದ್ದ ಬಟ್ಟೆಯನ್ನು ನೆಲಕ್ಕೆ ಎಸೆದ. ನೆಬ್ರಾಸ್ಕಾದ ಜೋಳದ ಹೊಲಗಳ ನಡುವಿನ ಆ ತಗಡಿನ ಶೆಡ್ಡಿನಲ್ಲಿ ನಾವಿಬ್ಬರೇ. ಅವನ ಹೆಂಡತಿ ಬಿಟ್ಟುಹೋಗಿದ್ದಳು, ನನ್ನ ಗಂಡ ತೀರಿಕೊಂಡಿದ್ದ. ಆಮೇಲಿನ ಚಳಿಗಾಲಗಳನ್ನೆಲ್ಲ ಈ ವಿಮಾನ ಕಟ್ಟುತ್ತಲೇ ಕಳೆದೆವು. ಒಂದರ ಹಿಂದೊಂದು ಎರಡೇ ಸೀಟು. ತಗಡುಗಳನ್ನು ಜೋಡಿಸುವ ರಿವೆಟ್ ಮೊಳೆ ಕೂರಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಹೊರಗಿನಿಂದ ಅವನು ಮೊಳೆ ಬಡಿಯುವ ಗನ್ ಒತ್ತುತ್ತಿದ್ದ, ಒಳಗಿನಿಂದ ನಾನು ಗಟ್ಟಿ ಆನಿಸಿ ಹಿಡಿಯುತ್ತಿದ್ದೆ. ನಾನು ಎರಡು ಸಲ ತಟ್ಟಿದರೆ ಸರಿಯಾಗಿ ಕೂತಿದೆ ಎಂದರ್ಥ. ಮೂರು ಸಲ ತಟ್ಟಿದರೆ ಕೆಟ್ಟಿದೆ, ಕೊರೆದು ತೆಗೆ ಎಂದರ್ಥ. ನಮ್ಮ ಮಾತುಕತೆ ಹೆಚ್ಚುಕಡಿಮೆ ಅಷ್ಟೇ. ನನಗೆ ಅದೇ ಸಾಕಾಗಿತ್ತು.

ಈಗ ಹಾರಿದಾಗಲೆಲ್ಲ ಹಿಂದಿನ ಸೀಟಿನಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಎಂಜಿನ್ ಹೊಗೆ ಒಳಗೆ ಬರುತ್ತಿದೆ ಎಂದರೆ ಅವನು ತನ್ನೆದುರು ಅಂಟಿಸಿದ್ದ ವಿಷಗಾಳಿಯ ಮೀಟರ್ ತೋರಿಸುತ್ತಿದ್ದ. ಅದರಲ್ಲಿ ಸೊನ್ನೆ.

ನನ್ನ ಬಾಯಿ ಮುಚ್ಚಿಸಲು ಆವತ್ತು ನನ್ನ ಮನೆಯ ವ್ಯಾಕ್ಯೂಮ್ ಕ್ಲೀನರನ್ನೇ ತರಿಸಿ, ಪೈಪನ್ನು ಗಾಳಿ ಹೊರಬರುವ ಕಡೆಗೆ ಸಿಕ್ಕಿಸಿ, ಹೊಗೆಕೊಳವೆಯೊಳಗೆ ಗಾಳಿ ಊದಿಸಿದ್ದ. ಒಂದೊಂದು ಬೆಸುಗೆಗೂ ನಾನೇ ಸೋಪಿನ ನೀರು ಬಳಿದಿದ್ದೆ. ಎಲ್ಲೂ ಗುಳ್ಳೆ ಎದ್ದಿರಲಿಲ್ಲ. ಜಗಳ ಹತ್ತಿಕೊಂಡದ್ದೇ ಅಲ್ಲಿಂದ.

"ಕೊಳವೆ ಸೋರ್ತಿಲ್ಲ, ಸರಿ. ಹೊಗೆ ಬೇರೆ ದಾರೀಲಿ ಬರ್ತಿದೆ," ಎಂದೆ. "ನಿನ್ನ ಮುಖಕ್ಕೆ ಕಿಂಡಿಯಿಂದ ಹೊಸ ಗಾಳಿ ಬಡೀತಿರುತ್ತೆ. ನಿಂಗೇನು ಗೊತ್ತಾಗುತ್ತೆ ಮಣ್ಣು! ಮೀಟರ್ ನನ್ನ ಕೈಗೆ ಕೊಟ್ಟು ಒಂದು ಸುತ್ತು ಹಾರಿಸು."

ಗೊಣಗುತ್ತಲೇ ಹಾರಿಸಿದ. ನದಿ ದಾಟುವಷ್ಟರಲ್ಲಿ ನನ್ನ ತೊಡೆಯ ಮೇಲೆ ಮೀಟರ್ ಕಿರುಚಿಕೊಂಡಿತು. ಮುಂದಕ್ಕೆ ಚಾಚಿದೆ, ಅಂಕಿ ಇಳಿಯಿತು. ಬೆನ್ನ ಹಿಂದೆ ಬಾಲದ ಕಡೆ ಹಿಡಿದೆ, ಸರ್ರನೆ ಏರಿತು. ವಿಮಾನದ ಹೊಟ್ಟೆಯಡಿ ಕೊಳವೆ ಉಗುಳಿದ ಹೊಗೆ ಅದರ ಮೈಗೆ ಅಂಟಿಕೊಂಡೇ ಹಿಂದಕ್ಕೆ ಹರಿದು, ಬಾಲದಲ್ಲಿ ಚುಕ್ಕಾಣಿಯ ಸರಳು ಹಾಯುವ ಕಂಡಿಯಿಂದ ಒಳನುಗ್ಗುತ್ತಿತ್ತು. ಆ ಕಂಡಿ ನನಗೆ ಗೊತ್ತು. ಮೊಣಕೈ ತರಚಿಕೊಂಡು ಅದರ ಪಕ್ಕದಲ್ಲೇ ಮಲಗಿದ್ದವಳು ನಾನು. ಸರಳಿನ ಸುತ್ತ ಚರ್ಮದ ಚೀಲ ಕಟ್ಟಿ ಅದನ್ನು ಮುಚ್ಚೋಣ ಎಂದರೆ ತೂಕ ಜಾಸ್ತಿಯಾಗುತ್ತದೆ ಎಂದು ಬೇಡವೆಂದವನು ವರ್ಲಿನ್.

ಇಳಿದ ಮೇಲೆ ಅವನು ನನ್ನ ಮುಖ ನೋಡಲಿಲ್ಲ.

"ಬೈಯಲ್ಲ ಬಿಡು," ಎಂದೆ. "ನಾನು ಒಳಗೆ ತೂರ್ತೀನಿ, ನೀನು ಹೊರಗಿಂದ ಸಾಮಾನು ಕೊಡು. ಊಟದ ಹೊತ್ತಿಗೆ ಮುಗಿಯುತ್ತೆ."

ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಮತ್ತೆ ಇಬ್ಬರಿಗೂ ಕೆಲಸ ಸಿಕ್ಕಿತಲ್ಲ ಎಂದು.

ವರ್ಲಿನ್ ಸ್ಪ್ಯಾನರ್ ಹಿಡಿದು ಹಿಂದಿನ ಸೀಟಿನೊಳಗೆ ಬಗ್ಗಿದ.

"ಅಲ್ಲೇನು ಮಾಡ್ತಿದ್ದೀಯ?"

"ಸೀಟ್ ಬಿಚ್ತಿದ್ದೀನಿ. ಮುಂದಿನ ಸೀಟಲ್ಲಿ ಮೀಟರ್ ಸೊನ್ನೆನೇ ತೋರಿಸುತ್ತಲ್ಲ. ತೂಕಾನೂ ಇಳಿಯುತ್ತೆ."

"ನಾನೆಲ್ಲಿ ಕೂರ್ಲಿ?"

"ತಲೆನೋವು ಅಂತೀಯಲ್ಲ. ಮನೇಲಿರು."

ಮೊದಲ ಬೋಲ್ಟು ಕಳಚಿ ನೆಲಕ್ಕೆ ಬಿತ್ತು. ಅವನು ಬಗ್ಗಿ ಎರಡನೆಯದಕ್ಕೆ ಸ್ಪ್ಯಾನರ್ ಹಾಕಿದ.

ನನ್ನ ವ್ಯಾಕ್ಯೂಮ್ ಕ್ಲೀನರ್ ಎತ್ತಿಕೊಂಡೆ. ಹೊರಡುವಾಗ ಬಾಲದ ತಗಡಿನ ಮೇಲೆ ಮೂರು ಸಲ ತಟ್ಟಿದೆ. ಅವನ ಸ್ಪ್ಯಾನರ್ ಒಂದು ಗಳಿಗೆ ನಿಂತಿತು, ಮತ್ತೆ ತಿರುಗತೊಡಗಿತು. ನಾನು ಜೋಳದ ಹೊಲದ ಅಂಚು ಹಿಡಿದು ಮನೆಗೆ ನಡೆದೆ. ಆ ಶೆಡ್ಡಿಗೆ ಮತ್ತೆ ಕಾಲಿಟ್ಟಿಲ್ಲ.