ಕೂದಲಷ್ಟು ಒಳಗೆ

"ಎಳೀಬೇಡ! ಎಳೀಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಅದು ಬಟ್ಟೆ ಅಲ್ಲ ಕಣೇ!"

ಗಾಜಿನ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಗಂಡ ಕೂಗಿದ. ಈಚೆ ನಿಂತಿದ್ದ ಅವಳು ಬೆಚ್ಚಿ ಕೈ ಸಡಿಲಿಸಿದಳು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಒದ್ದೆ ಗಾಜಿನ ಮೇಲೆ ಅರ್ಧ ಕೂತಿದ್ದ ಕಪ್ಪು ಫಿಲ್ಮು ಮೂಲೆಯಲ್ಲಿ ಮಡಚಿಕೊಂಡು ತನಗೆ ತಾನೇ ಅಂಟಿಕೊಂಡಿತು. ಉಗುರಿನಿಂದ ಬಿಡಿಸಿದಳು, ಗೆರೆ ಬಿತ್ತು. ಗೆರೆ ಬಿದ್ದ ಫಿಲ್ಮಿಗೆ ಕಸದ ಬುಟ್ಟಿಯೇ ಗತಿ.

ಆ ಗಾಜು ಒಂದು ಕಾರಿನ ಬಾಗಿಲಿನದು. ಕಾರು ಇರಲಿಲ್ಲ, ಬಾಗಿಲು ಮಾತ್ರ. ಗುಜರಿಯಿಂದ ತಂದು, ಎರಡು ಮರದ ಸ್ಟೂಲುಗಳ ನಡುವೆ ಹಗ್ಗದಿಂದ ಬಿಗಿದು, ನಡುಮನೆಯಲ್ಲಿ ನಿಲ್ಲಿಸಿದ್ದರು. ಮನೆಗೆ ಬಂದವರು ಅದನ್ನು ಸುತ್ತಿಕೊಂಡೇ ಒಳಗೆ ಹೋಗಬೇಕು. ಅತ್ತೆ ಮೊದಲ ದಿನ ಮೂಗು ಮುರಿದರು, ಎರಡನೇ ದಿನದಿಂದ ಅದರ ಹಿಡಿಕೆಗೆ ತಮ್ಮ ಟವೆಲ್ ನೇತುಹಾಕತೊಡಗಿದರು. "ಇಷ್ಟು ವರ್ಷ ಮನೇಲಿ ಕಾರಿಲ್ಲ ಅನ್ನೋ ಕೊರಗಿತ್ತು. ಈಗ ಬಾಗಿಲು ಬಂದಿದೆ, ಮಿಕ್ಕಿದ್ದು ನಿಧಾನಕ್ಕೆ ಬರುತ್ತೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಗು ಬರುತ್ತಿದ್ದುದು ಬಂದವರಿಗೆ ಮಾತ್ರ.

ಕಾರಿನ ಗಾಜಿಗೆ ಫಿಲ್ಮು ಅಂಟಿಸುವ ಕೆಲಸದಲ್ಲಿ ಗಂಡನಿಗೆ ಹತ್ತೊಂಬತ್ತು ವರ್ಷ. ಒಂದೇ ಅಂಗಡಿ, ಅದರಲ್ಲೂ ಒಂದೇ ಜಾಗ, ಕಿಟಕಿಯ ಪಕ್ಕದ್ದು. ಅಲ್ಲಿ ಎಲ್ಲರೂ ಅವನನ್ನು ಎಡಚ ಎಂದೇ ಕರೆಯುತ್ತಿದ್ದರು. ಗಿರಾಕಿಗಳೂ "ಎಡಚ ಇದ್ದಾನಾ?" ಎಂದು ಕೇಳಿಕೊಂಡೇ ಗಾಡಿ ಒಳಗೆ ಬಿಡುತ್ತಿದ್ದರು. ಒಂದೂವರೆ ತಿಂಗಳ ಹಿಂದೆ, ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಷ್ಷು ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ತಾನೂ ಬಿದ್ದ. ಮಾತು ಉಳಿಯಿತು, ನಡಿಗೆ ಅರೆಬರೆ ಉಳಿಯಿತು, ಎಡಗೈ ಮಾತ್ರ ಹೋಯಿತು. ಬೇರೆ ಯಾರಿಗಾದರೂ ಆಗಿದ್ದರೆ 'ಸದ್ಯ, ಎಡಗೈ ತಾನೇ' ಎಂದು ಸಮಾಧಾನ ಹೇಳಬಹುದಿತ್ತು.

ಅಂಗಡಿಯ ಯಜಮಾನರು ಆಸ್ಪತ್ರೆಗೆ ಬಂದು ಮಂಚದ ಪಕ್ಕ ಬಹಳ ಹೊತ್ತು ಕೂತಿದ್ದರು. ಏಳುವಾಗ, "ನಿನ್ನ ಜಾಗಕ್ಕೆ ಯಾರನ್ನೂ ತಗೊಳಲ್ಲ. ನಿನ್ನ ಮನೆಯವರೇ ಯಾರಾದ್ರೂ ಕಲಿತು ಬಂದ್ರೆ ಅವರಿಗೇ ಕೊಡ್ತೀನಿ. ಮೂರು ತಿಂಗಳು ಕಾಯ್ತೀನಿ," ಎಂದಿದ್ದರು. ಮನೆಯವರು ಅಂದರೆ ಮತ್ಯಾರಿದ್ದಾರೆ, ಅವಳೇ. ಇಪ್ಪತ್ತೆರಡು ವರ್ಷದಿಂದ ಬಟ್ಟೆ ಹೊಲಿದವಳು. ಈಗೀಗ ಹೊಸ ಬಟ್ಟೆ ಹೊಲಿಸುವವರು ಯಾರೂ ಬರುತ್ತಿರಲಿಲ್ಲ. ಬಂದರೆ ಜಿಪ್ಪು ಕೆಟ್ಟದ್ದು, ಹುಕ್ಕು ಕಿತ್ತದ್ದು, ಸೊಂಟ ಬಿಗಿಯಾದದ್ದು. ಆ ಅಂಗಡಿಯ ಜಾಗ ಸಿಕ್ಕರೆ ಮನೆ ನಡೆಯುತ್ತದೆ, ಸಿಗದಿದ್ದರೆ ಇಲ್ಲ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಮೊದಲ ವಾರ ಪಾಠವೇ ಹತ್ತಲಿಲ್ಲ. ಎಡಗೈಯವನು ಬಲಗೈಯವಳಿಗೆ ಕಲಿಸುವುದು ಹೇಗೆ? ಪಕ್ಕದಲ್ಲಿ ಕೂತು ಅವನು ಹೇಳಿದ್ದೆಲ್ಲ ಅವಳ ಕೈಗೆ ತಿರುಗುಮುರುಗಾಗುತ್ತಿತ್ತು. ಬೈದು ಬೈದು ಸುಸ್ತಾದ ಮೇಲೆ ಅವನಿಗೇ ಒಂದು ಉಪಾಯ ಹೊಳೆಯಿತು. ಕುರ್ಚಿಯನ್ನು ಗಾಜಿನ ಆಚೆಗೆ ಹಾಕಿಸಿಕೊಂಡ. ಈಗ ಅವನ ಎಡ ಭುಜ ಅವಳ ಬಲಗೈಗೆ ಎದುರಾಯಿತು. ಕೈ ಏಳದಿದ್ದರೂ ಭುಜ ಅಷ್ಟಿಷ್ಟು ಏಳುತ್ತಿತ್ತು. ಭುಜ ಹೋದ ಕಡೆ ಅವಳು ಕೈ ಒಯ್ಯುತ್ತಿದ್ದಳು.

ಗಾಜನ್ನು ಮೂರು ಸಲ ತೊಳೆಯಬೇಕು. ಸೋಪು ನೀರು ಚಿಮುಕಿಸಬೇಕು. ಫಿಲ್ಮಿನ ಬೆನ್ನಿಗಿರುವ ತೆಳು ಹಾಳೆಯನ್ನು ಸುಲಿದು, ಅಂಟಿನ ಮುಖಕ್ಕೂ ನೀರು ಹೊಡೆದು, ಗಾಜಿನ ಮೇಲೆ ತೇಲಿಬಿಡಬೇಕು. ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ನೀರನ್ನೆಲ್ಲ ಓಡಿಸಬೇಕು. ಒಂದು ಕಣ ಧೂಳು ಉಳಿದರೂ ಅದರ ಸುತ್ತ ಗುಳ್ಳೆ ಕಟ್ಟುತ್ತದೆ. ಇದನ್ನೆಲ್ಲ ಅವಳು ಕಲಿತಳು. ಎಳೆಯುವ ಚಟವನ್ನೂ ಬಿಟ್ಟಳು. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೈ ಕುದುರಿತು. ಅತ್ತೆ ಕೂಡ ಕನ್ನಡಕ ಹಾಕಿಕೊಂಡು ಗುಳ್ಳೆ ಹುಡುಕಿ, ಸಿಗದೆ, ಸ್ವಲ್ಪ ಬೇಜಾರಾಗಿ ಒಳಗೆ ಹೋದರು.

ಬಾರದ್ದು ಒಂದೇ, ಮೇಲಂಚು. ಬಾಗಿಲ ಗಾಜು ಮೇಲೆ ಕೆಳಗೆ ಓಡಾಡುತ್ತದೆ, ಮೇಲೆ ಹೋದಾಗ ರಬ್ಬರಿನ ಸಂದಿಗೆ ನುಗ್ಗುತ್ತದೆ. ಹಾಗಾಗಿ ಅಲ್ಲಿ ಫಿಲ್ಮು ಗಾಜಿನ ಅಂಚಿಗಿಂತ ಒಂದು ಕೂದಲಷ್ಟು ಒಳಗೇ ನಿಲ್ಲಬೇಕು. ಅಂಚಿನವರೆಗೆ ಬಂದರೆ ರಬ್ಬರು ಉಜ್ಜಿ ಉಜ್ಜಿ ಎಬ್ಬಿಸಿಬಿಡುತ್ತದೆ. ಅವಳು ಬ್ಲೇಡು ಹಿಡಿದಾಗಲೆಲ್ಲ ಫಿಲ್ಮು ಅಂಚಿನವರೆಗೆ ಉಳಿಯುತ್ತಿತ್ತು, ಒಮ್ಮೊಮ್ಮೆ ಅಂಚನ್ನೂ ದಾಟುತ್ತಿತ್ತು. ಬೇಕೆಂದು ಮಾಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವಳು ಯಾವ ಬಟ್ಟೆಯನ್ನೂ ಅಳತೆಗೆ ಸರಿಯಾಗಿ ಕತ್ತರಿಸಿದವಳಲ್ಲ. ಎಲ್ಲದರಲ್ಲೂ ಒಳಗೆ ಒಂದಿಷ್ಟು ಬಟ್ಟೆ ಬಿಡುತ್ತಿದ್ದಳು. ಮಕ್ಕಳು ಬೆಳೆಯುತ್ತಾರೆ, ಹೆಂಗಸರು ದಪ್ಪಗಾಗುತ್ತಾರೆ, ಆಗ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿಕೊಳ್ಳಬಹುದು. ಅಷ್ಟು ಬಟ್ಟೆ ಬಿಡದೆ ಕತ್ತರಿಸುವುದು ಅವಳ ಕೈಗೆ ಕಳ್ಳತನದಂತೆ ಕಾಣುತ್ತಿತ್ತು.

"ಯಾಕೆ ಬಿಟ್ಟಿದೀಯ ಅಲ್ಲಿ?" ಗಂಡ ತಲೆ ಚಚ್ಚಿಕೊಂಡ.

"ಇರ್ಲಿ ಅಂತ..."

"ಇರ್ಲಿ ಅಂತ? ಇದೇನು ಮಗೂ ಅಂಗೀನಾ? ಮುಂದಿನ ವರ್ಷಕ್ಕೆ ಕಾರು ಬೆಳಿಯುತ್ತಾ?"

ಅವಳಿಗೆ ನಗು ಬಂತು. ಅವನಿಗೂ ಬಂತು. ಬಿದ್ದ ದಿನದಿಂದ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನಗು ನಿಂತ ಮೇಲೆ ಅವನು ಮೆಲ್ಲಗೆ, "ಕೂದಲಷ್ಟು ಒಳಗೆ ಕಣೇ. ಅಷ್ಟೇ. ಅಷ್ಟು ಬಂದ್ರೆ ನನ್ನ ಜಾಗ ಉಳಿಯುತ್ತೆ," ಎಂದ. ನನ್ನ ಜಾಗ ಎಂದನೇ ಹೊರತು ನಿನ್ನ ಕೆಲಸ ಎನ್ನಲಿಲ್ಲ. ಅವಳಿಗೆ ಅದು ಬೇಸರ ತರಲಿಲ್ಲ, ಹೆದರಿಕೆ ತಂದಿತು.

ಯಜಮಾನರು ಕರೆದ ದಿನ ಅವಳು ಬೇಗ ಹೋದಳು. ಕಿಟಕಿಯ ಪಕ್ಕದ ಜಾಗದಲ್ಲಿ ಬಿಳಿ ಕಾರೊಂದು ನಿಂತಿತ್ತು. ಒಂದು ಬಾಗಿಲು ಮಾಡಿದರೆ ಸಾಕು ಎಂದರು. ಗಂಡನ ಚೀಲದಿಂದ ರಬ್ಬರ್ ಪಟ್ಟಿ, ಬ್ಲೇಡು ತೆಗೆದು ಜೋಡಿಸಿಕೊಂಡಳು. ಗಾಜು ತೊಳೆದಳು, ನೀರು ಹೊಡೆದಳು, ಫಿಲ್ಮು ತೇಲಿಬಿಟ್ಟಳು. ಎಲ್ಲ ಬೆಣ್ಣೆಯಷ್ಟು ಸಲೀಸಾಗಿ ಆಯಿತು. ಗಾಜನ್ನು ಸ್ವಲ್ಪ ಇಳಿಸಿಕೊಂಡು ಮೇಲಂಚಿಗೆ ಬ್ಲೇಡು ಇಟ್ಟಳು. ಹೆಚ್ಚು ಕತ್ತರಿಸಿಬಿಟ್ಟರೆ ಬೆಳಕಿನ ಗೆರೆ ಕಾಣುತ್ತದೆ, ಮತ್ತೆ ಸೇರಿಸಲು ಬರುವುದಿಲ್ಲ. ಉಸಿರು ಬಿಗಿಹಿಡಿದು ಎಳೆದಳು. ಬ್ಲೇಡು ಕೊನೆ ಮುಟ್ಟಿದಾಗ ಬಂದೇ ಬಿಟ್ಟಿತು ಅನ್ನಿಸಿತು.

ಯಜಮಾನರು ಬಗ್ಗಿ ನೋಡಿದರು. ದೂರ ನಿಂತು ನೋಡಿದರು. ಆಮೇಲೆ ಹತ್ತಿರ ಬಂದು ಹೆಬ್ಬೆರಳಿನ ಉಗುರನ್ನು ಮೇಲಂಚಿನ ಉದ್ದಕ್ಕೂ ಎಳೆದರು. ನಡುವಿನಲ್ಲಿ ಉಗುರು ತಡೆಯಿತು. ಮತ್ತೆ ಎಳೆದರು, ಮತ್ತೆ ತಡೆಯಿತು.

"ಕೈ ಶುದ್ಧವಾಗಿದೆ ಕಣಮ್ಮ. ಒಂದು ಗುಳ್ಳೆ ಇಲ್ಲ. ಆದ್ರೆ ಇಲ್ಲಿ ನೋಡು, ಬಿಟ್ಟಿದೀಯ. ನಾಲ್ಕು ದಿನಕ್ಕೆ ಇದು ಸುಲ್ಕೊಂಡು ಬರುತ್ತೆ. ಗಿರಾಕಿ ಬಂದು ನನ್ನ ಮುಖಕ್ಕೆ ಉಗೀತಾನೆ."

"ಇನ್ನೊಂದು ಸಲ ಮಾಡ್ತೀನಿ ಅಣ್ಣ. ಈಗ್ಲೇ ಮಾಡ್ತೀನಿ."

ಯಜಮಾನರು ಅವಳ ಮುಖ ನೋಡಲಿಲ್ಲ. "ಮೂರು ತಿಂಗಳು ಅಂದಿದ್ದೆ. ನಾಲ್ಕಾಯ್ತು. ಸೋಮವಾರದಿಂದ ಒಬ್ಬನಿಗೆ ಬಾ ಅಂತ ಹೇಳಿಬಿಟ್ಟಿದೀನಿ," ಎಂದರು. ಅಂದರೆ ಅವಳು ಬರುವ ಮೊದಲೇ ಹೇಳಿಯಾಗಿತ್ತು. ಅಂಚು ಸರಿ ಬಂದಿದ್ದರೆ ಆ ಮನುಷ್ಯನಿಗೆ ಬೇಡವೆನ್ನುತ್ತಿದ್ದರೋ ಏನೋ, ಅದು ಅವಳಿಗೆ ಯಾವತ್ತೂ ಗೊತ್ತಾಗಲಿಲ್ಲ. ಅವರು ಕೆಟ್ಟವರಲ್ಲ. "ಹಳೇ ಫಿಲ್ಮು ಕೀಳೋಕೆ ಒಬ್ರು ಬೇಕು. ಮಾಡ್ತೀಯಾ?" ಎಂದು ಕೇಳಿದರು. ಆ ಕಸುಬಿನಲ್ಲಿ ಅದಕ್ಕಿಂತ ಕೆಳಗಿನ ಕೆಲಸವಿಲ್ಲ. ಅವಳು ಹೂಂ ಎಂದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಯೋಚಿಸಿದಳು. ಬಾಗಿಲಲ್ಲೇ ಗಂಡ ನಿಂತಿದ್ದ, ಗೋಡೆ ಹಿಡಿದುಕೊಂಡು.

"ಅಂಚು?" ಎಂದ. ಆದದ್ದೇನು ಎಂದು ಕೇಳಲಿಲ್ಲ, ಅಂಚು ಎಂದು ಕೇಳಿದ.

"ಕೂದಲಷ್ಟು ಒಳಗೆ," ಎಂದುಬಿಟ್ಟಳು.

ಆಮೇಲೆ ಆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಂದರ್ಭವೇ ಸಿಗಲಿಲ್ಲ. ಗಂಡ ಒಂದೇ ವಾರದಲ್ಲಿ ಬೇರೆ ಮನುಷ್ಯನಾಗಿಬಿಟ್ಟ. ಬಲಗೈಯಲ್ಲೇ ಗಡ್ಡ ಹೆರೆದುಕೊಂಡು, ಅಲ್ಲಲ್ಲಿ ಕೊಯ್ದುಕೊಂಡು, ಸಂಜೆ ಅವಳ ದಾರಿ ಕಾಯುತ್ತಿದ್ದ. ಬಂದವರಿಗೆಲ್ಲ "ನನ್ನ ಜಾಗದಲ್ಲಿ ಈಗ ಇವಳೇ," ಎನ್ನುತ್ತಿದ್ದ. ಬಾಗಿಲಿನ ಪಾಠ ಮುಗಿಯಿತು, ಇನ್ನು ಹಿಂದಿನ ಗಾಜು ಎಂದ. ಕಾರಿನ ಹಿಂದಿನ ಗಾಜು ಬಾಗಿರುತ್ತದೆ. ಫಿಲ್ಮನ್ನು ಬಿಸಿಗಾಳಿಯಲ್ಲಿ ಕುಗ್ಗಿಸಿ ಆ ಬಾಗಿಗೆ ಕೂರಿಸಬೇಕು. ಅಂಥ ಗಾಜು ಮನೆಯಲ್ಲಿರಲಿಲ್ಲವಾಗಿ ಅತ್ತೆಯ ಸ್ನಾನದ ದೊಡ್ಡ ಬೋಗುಣಿಯನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಪಾಠ ಶುರುವಾಯಿತು. ಅವಳು ದಿನವಿಡೀ ಅಂಗಡಿಯಲ್ಲಿ ಫಿಲ್ಮು ಕಿತ್ತು ಬಂದು, ಸಂಜೆ ಬೋಗುಣಿಗೆ ಫಿಲ್ಮು ಅಂಟಿಸುತ್ತಿದ್ದಳು. ಕಿತ್ತ ಫಿಲ್ಮಿನ ಕಪ್ಪು ಅಂಟು ಗಂಡನಿಗೆ ಕಾಣದಿರಲೆಂದು ಅಂಗಡಿ ಬಿಡುವ ಮುಂಚೆ ಥಿನ್ನರಿನಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು, ಚರ್ಮ ಸುಲಿದರೂ ಬಿಡುತ್ತಿರಲಿಲ್ಲ.

ಹತ್ತನೇ ದಿನ ಬೂದು ಬಣ್ಣದ ಹಳೆಯ ಕಾರೊಂದು ಬಂತು. ಕೊಂಡವನಿಗೆ ಹಳೆಯ ಫಿಲ್ಮು ಬೇಡವಂತೆ, ತೆಳು ಬಣ್ಣದ ಹೊಸದು ಬೇಕಂತೆ. ಹಿಂದಿನ ಸೀಟಿಗೆ ಹತ್ತಿ ಗಾಜು ನೋಡಿದಳು. ಅವಳು ಕೀಳುತ್ತಿದ್ದ ಫಿಲ್ಮುಗಳೆಲ್ಲ ಬೊಬ್ಬೆಯೆದ್ದು ನೇರಳೆಗೆ ತಿರುಗಿರುತ್ತಿದ್ದವು. ಇದು ಹಾಗಿರಲಿಲ್ಲ. ಎಷ್ಟೋ ವರ್ಷದ್ದು, ಆದರೂ ಒಂದು ಗುಳ್ಳೆಯಿಲ್ಲ, ಅಂಚು ಎಲ್ಲೂ ಅಲುಗಿಲ್ಲ. ಮೂಲೆಗಳಲ್ಲಿ ಬ್ಲೇಡು ತಿರುಗಿದ ಗುರುತು ನೋಡಿದಳು. ಕತ್ತರಿಸಿದ್ದು ಯಾವ ಕೈ ಎಂದು ಬಟ್ಟೆ ನೋಡಿ ಹೇಳಬಲ್ಲವಳು ಅವಳು. ಎಲ್ಲ ಗುರುತುಗಳೂ ಉಲ್ಟಾ ಇದ್ದವು.

"ಅಕ್ಕ, ಬೇಗ ಕಿತ್ಕೊಡಿ, ಮಧ್ಯಾಹ್ನದೊಳಗೆ ಹಾಕ್ಬೇಕು," ಎಂದು ಹೊಸಬ ಹೊರಗಿನಿಂದ ಕೂಗಿದ. ಒಳ್ಳೆಯ ಹುಡುಗ, ಕೆಲಸವೂ ಚೆನ್ನಾಗಿ ಗೊತ್ತಿತ್ತು. ದ್ವೇಷಿಸುವುದಕ್ಕೂ ಬರುತ್ತಿರಲಿಲ್ಲ.

ಒಂದು ಮೂಲೆಗೆ ಬಿಸಿ ಹವೆ ಹಿಡಿದು ಉಗುರಿನಿಂದ ಎಬ್ಬಿಸಿದಳು. ಬೇರೆ ಫಿಲ್ಮುಗಳು ಒಂದು ಸಲ ಹಿಡಿತ ಸಿಕ್ಕರೆ ಸರ್ರನೆ ಬರುತ್ತವೆ. ಇದು ಬರಲಿಲ್ಲ. ಬೆರಳಗಲದಷ್ಟು ಬಂದು ಹರಿಯಿತು. ಮತ್ತೆ ಬಿಸಿ ಮಾಡಿ, ಮತ್ತೆ ಎಬ್ಬಿಸಿ, ಮತ್ತೆ ಹರಿಯಿತು. ಅಳು ಬಂತು, ಅತ್ತಳು. ಒಳಗೆ ಕೂತು ಅತ್ತರೆ ಹೊರಗಿನವರಿಗೆ ಕಾಣುತ್ತಿರಲಿಲ್ಲ, ಅಷ್ಟು ಕಪ್ಪಗಿತ್ತು ಗಾಜು. ಅದು ತಿಳಿಯಾಗುತ್ತ ಬಂದಂತೆ ಮುಖ ಒರೆಸಿಕೊಂಡಳು. ಮೂರು ಗಂಟೆ ಹಿಡಿಯಿತು. ಥಿನ್ನರ್ ಡಬ್ಬಿ ಅವತ್ತು ಖಾಲಿಯಾಗಿತ್ತು.

ಮನೆಯಲ್ಲಿ ಬೋಗುಣಿ ಆಗಲೇ ಬೋರಲು ಬಿದ್ದಿತ್ತು. ಪಕ್ಕದಲ್ಲಿ ಸೋಪು ನೀರು ತಯಾರಾಗಿತ್ತು. ಅವಳು ಸೆರಗಿನಲ್ಲಿ ಕೈ ಸುತ್ತಿಕೊಂಡೇ ಕೂತಳು. ಫಿಲ್ಮಿನ ಸುರುಳಿ ತೆಗೆದುಕೊಳ್ಳಲು ಕೈ ಹೊರಗೆ ಹಾಕಲೇಬೇಕಾಯಿತು.

"ಇಲ್ಲಿ ಬಾ. ಕೈ ತೋರ್ಸು," ಎಂದ ಗಂಡ.

ತೋರಿಸಿದಳು. ಉಗುರುಗಳ ಸಂದಿಯಲ್ಲಿ, ಬೆರಳ ಗಿಣ್ಣುಗಳಲ್ಲಿ ಹಳೆಯ ಅಂಟು ಕಪ್ಪಗೆ ಕಟ್ಟಿತ್ತು. ಫಿಲ್ಮು ಹಾಕುವವರ ಬೆರಳುಗಳು ಸೋಪು ನೀರಿನಲ್ಲಿ ನೆಂದು ಬೆಳ್ಳಗಿರುತ್ತವೆ. ಹತ್ತೊಂಬತ್ತು ವರ್ಷ ಆ ಅಂಗಡಿಯಲ್ಲಿ ಕಳೆದವನಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಅವನು ಒಂದೊಂದೇ ಬೆರಳು ತಿರುಗಿಸಿ ನೋಡಿದ. ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಸೋಪಿಗೆ ಹೋಗಲ್ಲ ಅದು," ಎಂದ. "ಮಷೀನ್ ಎಣ್ಣೆ ತಗೊಂಡ್ಬಾ. ಒಂದು ಬಟ್ಟೆ ಚೂರೂ ತಾ."

ಹೊಲಿಗೆ ಮಷೀನಿನ ಡ್ರಾಯರಿನಿಂದ ಎಣ್ಣೆ ತಂದಳು. ಅವಳ ಕೈಯನ್ನು ತನ್ನ ಏಳದ ಎಡಗೈಯ ಮೇಲೆ ಇಟ್ಟುಕೊಂಡು, ಬಲಗೈಯಿಂದ ಒಂದೊಂದೇ ಬೆರಳು ಒರೆಸತೊಡಗಿದ. ಅಭ್ಯಾಸವಿಲ್ಲದ ಕೈ, ಬಟ್ಟೆ ಜಾರುತ್ತಿತ್ತು.

"ಯಾವ ಗಾಡಿ?"

"ಬೂದು ಬಣ್ಣದ್ದು. ಹಳೇದು. ಹಿಂದಿನ ಗ್ಲಾಸು."

ಅವನ ಕೈ ಒಂದು ಕ್ಷಣ ನಿಂತು ಮತ್ತೆ ಆಡಿತು.

"ಬೇಗ ಬಂತಾ?"

"ಇಲ್ಲ ರೀ. ಮೂರು ಗಂಟೆ ಹಿಡೀತು. ಅಂಚು ಬಿಡ್ಲೇ ಇಲ್ಲ. ಚೂರು ಚೂರಾಗಿ ಬಂತು."

"ಹೂಂ. ಬಿಡಲ್ಲ," ಎಂದ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಬಂದು ನಿಂತರು. "ಇವತ್ತೇನು ಪಾಠ ಇದೆಯೋ ಇಲ್ವೋ? ಇಲ್ಲ ಅಂದ್ರೆ ನನ್ನ ಬೋಗುಣಿ ಕೊಡ್ರಪ್ಪ, ನೀರು ಕಾದಿದೆ."

"ತಗೊಂಡ್ಹೋಗಮ್ಮ," ಎಂದ ಅವನು, ತಲೆಯೆತ್ತದೆ. ಕಿರುಬೆರಳು ಇನ್ನೂ ಬಾಕಿಯಿತ್ತು.