ಬಾಗಿಲ ಹಿಂದಿನ ಕೆಂಪು ಹಿಡಿ

ಓಬಳರಾಜು ಸತ್ತ ಎಂಟನೇ ತಿಂಗಳಿಗೆ ಅವನ ಹೆಂಡತಿ ವನಜಾಳನ್ನು ಅದೇ ಸೋಲಾರ್ ಪ್ಲಾಂಟಿನಲ್ಲಿ ಕೆಲಸಕ್ಕೆ ಕರೆದರು. ಅವಳ ಊರು ತಿರುಮಣಿಯಲ್ಲಿ ಎಲ್ಲರೂ ಅವಳನ್ನು ಗಟ್ಟಿಗಿತ್ತಿ ಅನ್ನುತ್ತಿದ್ದರು. ಮಣ್ಣು ಮಾಡಿದ ದಿನವೂ ಅವಳು ಅತ್ತಿರಲಿಲ್ಲ. ಆದರೆ ಅದು ಗಟ್ಟಿತನವಲ್ಲವೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಜೋಮು ಹಿಡಿದ ಕಾಲನ್ನು ಚಿವುಟಿದರೆ ಬೇರೆ ಯಾರದೋ ಕಾಲು ಚಿವುಟಿದಂತಿರುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಿತ್ತು.

ಓಬಳರಾಜು ಸತ್ತದ್ದು ಇನ್ವರ್ಟರ್ ರೂಮಿನಲ್ಲಿ, ಕರೆಂಟು ಹೊಡೆದು. 'ಕಣ್ಣೆದುರಿಗೇ ಇದ್ದ ಮೇನ್ ಸ್ವಿಚ್ ಆಫ್ ಮಾಡದೆ ಕೆಲಸಕ್ಕಿಳಿದಿದ್ದಾನೆ. ಕಾರ್ಮಿಕನ ಅಜಾಗರೂಕತೆ' ಎಂದು ಕಂಪನಿಯವರು ಬರೆದುಕೊಂಡು ಬಂದಿದ್ದರು. ತೋರಿಸಿದ ಜಾಗದಲ್ಲಿ ವನಜಾ ಸಹಿ ಹಾಕಿದ್ದಳು. ಊರಿನಲ್ಲಿ ಆ ಅಜಾಗರೂಕತೆ ಬೆಳೆದು, ಅವನು ಕುಡಿದು ಹೋಗಿದ್ದನಂತೆ ಎಂಬಲ್ಲಿಗೆ ಮುಟ್ಟಿತ್ತು.

ಕೆಲಸಕ್ಕೆ ಸೇರುವ ಮುಂಚೆ ಸುರಕ್ಷತಾ ತರಬೇತಿ. ಕಲಿಸಲು ತುಮಕೂರಿನಿಂದ ಸಹನಾ ಎಂಬ ಹುಡುಗಿ ಬಂದಿದ್ದಳು. ಮೇಜಿನ ಮೇಲೊಂದು ದೊಡ್ಡ ಕಂಪ್ಯೂಟರ್, ಅದಕ್ಕೆ ದಪ್ಪ ವೈರಿನಲ್ಲಿ ಜೋಡಿಸಿದ, ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಹೆಡ್‌ಸೆಟ್. ಅಗಲವೆಂದರೆ ಅಗಲ, ಹಾಕಿಕೊಂಡವರ ಮುಖ ಕಿವಿಯವರೆಗೂ ಮುಚ್ಚಿಹೋಗುತ್ತಿತ್ತು.

"ಇದು ಕಂಪ್ಯೂಟರಿನಲ್ಲಿ ಮಾಡಿದ ರೂಮು ತೋರಿಸೋ ವಿಆರ್ ಸೆಟ್. ಬೇರೆ ಸೆಟ್‌ಗಳಲ್ಲಿ ಕೊಳವೆಯಲ್ಲಿ ಇಣುಕಿದ ಹಾಗೆ ಎದುರಿಗಿರೋದಷ್ಟೇ ಕಾಣತ್ತೆ. ಇದರಲ್ಲಿ ಕಣ್ಣಂಚಿಗೆ ಬರೋದೂ ಕಾಣತ್ತೆ, ನಿಜವಾಗಿ ನಿಂತ ಹಾಗೇ," ಎಂದು ಸಹನಾ ಪಟ್ಟಿ ಬಿಗಿದಳು. "ತಲೆ ಸುತ್ತಿದ್ರೆ ಕಣ್ಣು ಮುಚ್ಕೊಳ್ಳಿ, ಅಕ್ಕ."

ಕತ್ತಲು ಕಳೆದು ರೂಮು ಮೂಡಿತು. ಬೂದು ಗೋಡೆ, ಬೀರುವಿನಷ್ಟೆತ್ತರದ ಇನ್ವರ್ಟರ್, ಬಲಕ್ಕೆ ಒಳಗೆ ತೆರೆದುಕೊಂಡ ಕಬ್ಬಿಣದ ಬಾಗಿಲು, ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ರೂಮಿನ ನಂಬರು. ಅವಳಿಗೆ ಆ ನಂಬರು ಗೊತ್ತಿತ್ತು. ಎದೆ ಹೊಡೆದುಕೊಳ್ಳಬಹುದೆಂದು ಕಾದಳು. ಹೊಡೆದುಕೊಳ್ಳಲಿಲ್ಲ.

"ಮೊದಲು ಎಡಗಡೆ ಮೇನ್ ಸ್ವಿಚ್ಚಿನ ಕೆಂಪು ಹಿಡಿ ಕೆಳಗೆಳೀರಿ. ಕರೆಂಟು ನಿಲ್ಲತ್ತೆ," ಸಹನಾಳ ದನಿ ಎಲ್ಲಿಂದಲೋ ಬಂತು.

ಹಿಡಿ ಎದೆಯ ಮಟ್ಟದಲ್ಲಿ ಎದ್ದು ಕಾಣುತ್ತಿತ್ತು. ವನಜಾ ಕೈ ಚಾಚಲಿಲ್ಲ.

"ಇದು ಇಲ್ಲಿರ್ಲಿಲ್ಲ ಮೇಡಂ."

"ಏನು?"

"ಈ ಹಿಡಿ. ಬಾಗ್ಲು ಹಿಂದ್ಗಡೆ ಇತ್ತು. ಹೋದ್ ಆಯುಧಪೂಜೆಗೆ ಕೆಲಸ್ದೋರ ಮನೆಯವ್ರನ್ನೆಲ್ಲ ಕರ್ದಿದ್ರು. ಇದಕ್ಕೆ ಕುಂಕುಮ ಇಟ್ಟಿದ್ದು ನಾನೇ. ಬಾಗ್ಲುಗೂ ಗೋಡೆಗೂ ಮಧ್ಯೆ ತೂರ್ಕಂಡು ಇಟ್ಟಿದ್ದೆ. ಸೀರೆಗೆಲ್ಲ ಗ್ರೀಸಾಯ್ತು ಅಂತ ಅವ್ರು ನಕ್ಕಿದ್ರು."

"ಅವರು ಅಂದ್ರೆ?"

"ನಮ್ಮನೆಯವ್ರು. ಈ ರೂಮ್ನಾಗೇ ತೀರ್ಕಂಡ್ರು."

ಸಹನಾ ಅವಸರದಿಂದ ಹೆಡ್‌ಸೆಟ್ ಬಿಚ್ಚಿದಳು. ಅವಳ ಕಣ್ಣು ತುಂಬಿತ್ತು. ವನಜಾ ಅದನ್ನು ಸುಮ್ಮನೆ ನೋಡಿದಳು.

"ನಂಗೆ ಯಾರೂ ಹೇಳಲಿಲ್ಲ ಅಕ್ಕ. ಪ್ಲಾಂಟಿನವರು ಕೊಟ್ಟ ಫೋಟೊ ನೋಡ್ಕೊಂಡು ರೂಮು ಮಾಡಿದ್ದು, ಅಷ್ಟೇ."

"ಯಾವಾಗ ತೆಗ್ದ ಫೋಟೊ?"

ಸಹನಾ ಕಂಪ್ಯೂಟರಿನಲ್ಲಿ ಹುಡುಕಿದಳು. ತಾರೀಖನ್ನು ಓದಿದಳು. ಓಬಳರಾಜು ಸತ್ತ ಹದಿನೇಳನೇ ದಿನ.

ಅಷ್ಟರೊಳಗೆ ಯಾರೋ ಹಿಡಿಯನ್ನು ಕಿತ್ತು ಎದುರಿಗೆ ತಂದಿದ್ದರು. ಬಾಗಿಲಾಚೆ ಟೀ ಕುಡಿಯುತ್ತಿದ್ದವರ ನಗು ಕೇಳುತ್ತಿತ್ತು. ಸಹನಾ ಚಿಲಕ ಹಾಕಿ ಬಂದು, "ಎಲ್ಲಿತ್ತು ಅಂತ ತೋರಿಸ್ತೀರಾ?" ಎಂದಳು.

ವನಜಾ ಮತ್ತೆ ಒಳಹೊಕ್ಕಳು. ಇನ್ನೂ ಕೆಳಗೆ, ಇನ್ನೂ ಮೂಲೆಗೆ ಎಂದು ಅವಳು ಹೇಳಿದಂತೆಲ್ಲ, ಸಹನಾ ಕಂಪ್ಯೂಟರಿನಲ್ಲಿ ಸರಿಸಿದ ಹಾಗೆ, ಹಿಡಿ ಗೋಡೆಯ ಮೇಲೆ ಜಾರುತ್ತ ಹೋಗಿ ಬಾಗಿಲ ಹಿಂದೆ ಮರೆಯಾಯಿತು. ಆಮೇಲೆ ಇನ್ವರ್ಟರಿನ ಮುಂದೆ, ಅವನು ಎಲ್ಲಿ ನಿಂತಿರುತ್ತಿದ್ದನೋ ಅಲ್ಲಿ ನಿಂತು ಬಲಕ್ಕೆ ಕಣ್ಣು ಹೊರಳಿಸಿದಳು. ಕಿವಿಯ ಪಕ್ಕದವರೆಗೂ ತೋರಿಸುವ ಸೆಟ್ಟಿನಲ್ಲಿ ಬಾಗಿಲ ಕಬ್ಬಿಣ ಬಿಟ್ಟು ಬೇರೇನೂ ಕಾಣಲಿಲ್ಲ. ಕುತ್ತಿಗೆ ಪೂರ್ತಿ ತಿರುಗಿಸಿದಳು. ಆಗಲೂ ಇಲ್ಲ. ಆಫ್ ಮಾಡಿ ಬಂದು ಕೆಲಸ ಮಾಡುವವನ ಬೆನ್ನ ಹಿಂದೆ ಯಾರಾದರೂ ಅದನ್ನು ಮತ್ತೆ ಮೇಲೆತ್ತಿದರೂ ಅವನಿಗೆ ಗೊತ್ತಾಗುವಂತಿರಲಿಲ್ಲ.

"ಕಾಣಲ್ಲ ಮೇಡಂ," ಎಂದಳು. ಅನ್ನ ಬೆಂದಿಲ್ಲ ಎನ್ನುವಂತೆ ಹೇಳಿದ್ದು ಅವಳಿಗೇ ಕೇಳಿಸಿತು.

ಸಹನಾ ಅದೆಲ್ಲವನ್ನೂ ಕಂಪ್ಯೂಟರಿನಲ್ಲಿ ವಿಡಿಯೊ ಮಾಡಿ, ಫೋಟೊದ ತಾರೀಖಿನ ಸಮೇತ ಪೆನ್‌ಡ್ರೈವಿಗೆ ಹಾಕಿಕೊಟ್ಟಳು. "ನನ್ನ ಹೆಸರು ಕೇಳಿದ್ರೆ ಹೇಳಿ. ಪರವಾಗಿಲ್ಲ," ಎಂದಳು. ಮುಂದಿನ ತಿಂಗಳ ತರಬೇತಿಗೆ ಬೇರೆ ಯಾರೋ ಬಂದರು.

ವನಜಾ ಸೋಮವಾರ ಪಾವಗಡದಿಂದ ಬಸ್ಸು ಹತ್ತಿ ತುಮಕೂರಿಗೆ ಹೋಗಿ, ವಿದ್ಯುತ್ ಅಪಘಾತ ವಿಚಾರಿಸುವ ಸರ್ಕಾರಿ ಕಚೇರಿಯಲ್ಲಿ ಪೆನ್‌ಡ್ರೈವ್ ಸಮೇತ ಅರ್ಜಿ ಕೊಟ್ಟಳು. ಆಮೇಲೂ ಮೂರು ಸಲ ಹೋದಳು. ಅಧಿಕಾರಿಗಳು ಬಂದು ಗೋಡೆ ನೋಡಿದರು; ಬಾಗಿಲ ಹಿಂದೆ ಹಳೇ ಬೋಲ್ಟಿನ ತೂತುಗಳಿಗೆ ಸಿಮೆಂಟು ಮೆತ್ತಿದ ಗುರುತು ಸಿಕ್ಕಿತು. ಆ ದಿನ ಹಿಡಿಯನ್ನು ಯಾರಾದರೂ ಮತ್ತೆ ಮೇಲೆತ್ತಿದ್ದರೋ, ಎತ್ತಿದ್ದರೆ ಯಾರು ಎಂಬುದು ಮಾತ್ರ ಕೊನೆಗೂ ತಿಳಿಯಲಿಲ್ಲ. ಅರ್ಜಿ ಕೊಟ್ಟ ಐದನೇ ತಿಂಗಳಿಗೆ ಕಾಗದ ಬಂತು. ಸ್ವಿಚ್ ಕಾಣದ ಜಾಗದಲ್ಲಿದ್ದದ್ದೇ ಸಾವಿಗೆ ಕಾರಣ, ಮೃತನ ಅಜಾಗರೂಕತೆ ಎಂಬುದನ್ನು ತೆಗೆದುಹಾಕಲಾಗಿದೆ.

ಅತ್ತೆ ಓಬಕ್ಕ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. "ಏನಂತೆ?"

"ಅವ್ರ ತಪ್ಪೇನಿಲ್ಲ ಅಂತ ಬರ್ದವ್ರೆ ಅತ್ತಮ್ಮ."

"ಅದ್ ನಂಗ್ಗೊತ್ತಿಲ್ವಾ?" ಓಬಕ್ಕ ಕೈ ಒರೆಸಿಕೊಂಡು ಎದ್ದಳು. "ನಡಿ, ತಿಮ್ಮರಾಯಪ್ಪನ ಅಂಗ್ಡಿ ಮುಂದೆ ಓದು. ನನ್ ಮಗ ಕುಡ್ದು ಸತ್ತ ಅಂತ ಅಲ್ಲೇ ಕಣೆ ಆಡ್ಕಂಡಿದ್ದು."

ಅಂಗಡಿಯ ಮುಂದೆ ಆರೇಳು ಜನರಿದ್ದರು. ವನಜಾ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ, ಕಚೇರಿಯ ವಿಳಾಸವನ್ನೂ ಬಿಡದೆ ಗಟ್ಟಿಯಾಗಿ ಓದಿದಳು. ದನಿ ಎಲ್ಲೂ ಒಡೆಯಲಿಲ್ಲ. ತಿಮ್ಮರಾಯಪ್ಪ ಗಲ್ಲಾದಿಂದ ಎದ್ದು ನಿಂತು, "ತಪ್ಪಾಯ್ತು ಕಣಮ್ಮ, ನಾನೂ ಒಂದ್ಮಾತು ಆಡಿದ್ದೆ," ಎಂದ. ಓಬಕ್ಕ ಅಲ್ಲೇ ಜಗಲಿಯ ಮೇಲೆ ಕುಸಿದು ಅತ್ತಳು. ಅವಳ ಅಳು ನಿಲ್ಲುವವರೆಗೂ ವನಜಾ ಬಿಸಿಲಿಗೆ ಅಡ್ಡವಾಗಿ ನಿಂತಿದ್ದಳು.

ವಾಪಸು ಬರುವಾಗ ಓಬಕ್ಕ ಸೊಸೆಯ ತೋಳು ಹಿಡಿದುಕೊಂಡು ಕೇಳಿದಳು, "ನಿಂಗೆ ಅಳು ಬರಲ್ವೇನೆ?"

"ಇನ್ನೂ ಬಂದಿಲ್ಲ ಅತ್ತಮ್ಮ."

"ಬರ್ತದೆ ಬುಡು," ಎಂದಳು ಓಬಕ್ಕ.